ಆಮೆ ನೋಡಲಿಕ್ಕೆ ಮೊಹೆಲಿಗೆ ಹೋಗುವುದಾ?

“ಆಮೆ ನೋಡ್ಲಿಕ್ಕೆ ಅಷ್ಟು ದೂರ ಹೋಗುವುದಾ? ಆ ದುಡ್ಡಿಗೆ ಇನ್ನೊಂದು ಉಮ್ರಾ ಮಾಡಿ ಬರಬಹುದಲ್ಲ” ಎಂದರು ಉಮ್ಮ. ರಾತ್ರಿ ಊಟಕ್ಕೆ ಕುಳಿತಿದ್ದೆವು. ಮಾತು ಶುರು ಮಾಡಿದ್ದು ಪಿಯುಸಿ ಓದುವ ಮಗಳು. ದುಬೈಯಲ್ಲಿರುವ ತಮ್ಮ ಫೋನಿನಲ್ಲೇ ಅವಳ ಪಕ್ಷ ಸೇರಿದ. ರಜೆಗೆ ಊಟಿ, ಮುನ್ನಾರ್, ದುಬೈ ಎಲ್ಲ ಆಗಿದೆ, ಈ ಸಲ ಬೇರೆ ಎಂತಾದರೂ ನೋಡುವ ಎಂಬುದು ಅವರಿಬ್ಬರ ವಾದ. ಹುಡುಗಿ ಆರಿಸಿದ ಜಾಗ ಕೊಮೊರೊಸ್.

ಆ ಹೆಸರನ್ನು ನಾವೂ ಸರಿಯಾಗಿ ಕೇಳಿದ್ದು 2023ರ ಸೆಪ್ಟೆಂಬರ್‌ನಲ್ಲಿ. ದೆಹಲಿಯ ಜಿ-20 ಸಭೆಯಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಖಾಯಂ ಸದಸ್ಯತ್ವ ಸಿಕ್ಕಿತಲ್ಲ, ಆಗ ಒಕ್ಕೂಟದ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರು ಕೊಮೊರೊಸ್‌ನ ರಾಷ್ಟ್ರಾಧ್ಯಕ್ಷ ಅಝಾಲಿ ಅಸ್ಸೌಮಾನಿ. ದೇಶ ಸಣ್ಣದು. ಮೊಝಾಂಬಿಕ್ ಮತ್ತು ಮಡಗಾಸ್ಕರ್ ನಡುವಿನ ಕಡಲಲ್ಲಿ ಗ್ರಾಂಡ್ ಕೊಮೊರ್, ಅಂಜುವಾನ್, ಮೊಹೆಲಿ ಎಂಬ ಮೂರು ದ್ವೀಪ. ನಾಲ್ಕನೆಯದಾದ ಮಯೋಟ್ ಫ್ರಾನ್ಸ್ ಕೈಯಲ್ಲೇ ಉಳಿಯಿತು. ಉಳಿದ ಮೂರು 1975ರ ಜುಲೈ 6ರಂದು ಸ್ವತಂತ್ರವಾದವು. ಜನ ನಮ್ಮ ಹಾಗೆಯೇ ಶಾಫಿಗಳು. ಅಲ್ಲಿ ಹಲಾಲ್ ಬೋರ್ಡು ಹುಡುಕುತ್ತಾ ಬೀದಿ ಸುತ್ತುವ ಕೆಲಸ ಇಲ್ಲ. ಊಟವೂ ಅನ್ನ, ಮೀನು, ತೆಂಗಿನಕಾಯಿ, ಬಾಳೆಕಾಯಿ. ಇದನ್ನು ಕೇಳಿದ ಮೇಲೆ ಉಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ದ್ವೀಪಗಳೆಲ್ಲ ಜ್ವಾಲಾಮುಖಿಯಿಂದ ಎದ್ದವು. ಗ್ರಾಂಡ್ ಕೊಮೊರ್‌ನ ಕರ್ತಾಲ ಬೆಟ್ಟ 2,361 ಮೀಟರ್ ಎತ್ತರ, ಇನ್ನೂ ಜೀವಂತ. 2005ರಲ್ಲಿ ಉಗುಳಿದ ಬೂದಿ ಊರುಗಳ ಕುಡಿಯುವ ನೀರಿಗೆ ಬಿದ್ದಿತ್ತು. ಅಲ್ಲಿನ ಲಾವಾ ಕಲ್ಲು ಮಳೆ ನೀರನ್ನೆಲ್ಲ ಹೀರುವುದರಿಂದ ಅಷ್ಟು ದೊಡ್ಡ ದ್ವೀಪದಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ, ಜನ ಟಾಂಕಿಯಲ್ಲಿ ಮಳೆ ನೀರು ಹಿಡಿದಿಡುತ್ತಾರೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಕಂಬ ನಿಲ್ಲಿಸಿದಂಥ ಕಪ್ಪು ಕಲ್ಲುಗಳನ್ನು ನೋಡಿರುತ್ತೀರಿ. ಅದೂ ಲಾವಾವೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಳಚಿಕೊಂಡ ಕಾಲದ್ದು. ಕೊಮೊರೊಸ್ ಅದಕ್ಕಿಂತ ಎಷ್ಟೋ ಎಳೆಯದು.

ಮಗಳಿಗೆ ಹುಚ್ಚು ಹಿಡಿಸಿದ್ದು ಸೀಲಕ್ಯಾಂತ್ ಎಂಬ ಮೀನು. ಡೈನೋಸಾರ್‌ಗಳ ಜೊತೆಗೇ ನಾಶವಾಯಿತು ಎಂದು ವಿಜ್ಞಾನಿಗಳು ನಂಬಿದ್ದ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಲೆಗೆ ಬಿತ್ತು. ಎರಡನೆಯದಕ್ಕಾಗಿ ಪ್ರೊಫೆಸರ್ ಜೆ.ಎಲ್.ಬಿ. ಸ್ಮಿತ್ 14 ವರ್ಷ ಕಾದರು, ಬಹುಮಾನದ ಕರಪತ್ರ ಹಂಚಿದರು. 1952ರ ಡಿಸೆಂಬರ್‌ನಲ್ಲಿ ಅದು ಸಿಕ್ಕಿದ್ದು ಅಂಜುವಾನ್‌ನ ಒಬ್ಬ ಮೀನುಗಾರನ ಗಾಳಕ್ಕೆ. ಸ್ಮಿತ್ ಮಿಲಿಟರಿ ವಿಮಾನದಲ್ಲಿ ಓಡಿ ಬಂದರು. ತಮಾಷೆ ಎಂದರೆ, ಅಲ್ಲಿನ ಮೀನುಗಾರರಿಗೆ ಅದು ಹೊಸತೇ ಅಲ್ಲ. ‘ಗೊಂಬೆಸ್ಸ’ ಎಂದು ಹೆಸರಿತ್ತು, ತಿನ್ನಲು ರುಚಿ ಇಲ್ಲ ಎಂದೂ ಗೊತ್ತಿತ್ತು. ಆದರೆ ಅದು ಇರುವುದು ನೂರಾರು ಅಡಿ ಆಳದಲ್ಲಿ. ಹೋದವರಿಗೆ ಕಾಣುವುದಿಲ್ಲ, ಮೊರೊನಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟದ್ದನ್ನು ನೋಡಬೇಕು ಅಷ್ಟೇ. ಇದನ್ನು ಮಗಳಿಗೆ ಮೊದಲೇ ಹೇಳಿಬಿಟ್ಟೆವು.

ಕಣ್ಣಾರೆ ಕಾಣುವುದು ಮೊಹೆಲಿಯಲ್ಲಿ. ಮೂರರಲ್ಲಿ ಅತಿ ಸಣ್ಣ ದ್ವೀಪ ಅದು. 2001ರಲ್ಲಿ ಅಲ್ಲಿನ ಕಡಲು ರಕ್ಷಿತ ಪ್ರದೇಶವಾಯಿತು, 2020ರಲ್ಲಿ ಯುನೆಸ್ಕೊ ಜೀವಗೋಲ ಪಟ್ಟಿಗೆ ಸೇರಿತು. ಇತ್ಸಾಮಿಯ ಎಂಬ ಹಳ್ಳಿಯ ಮರಳಿಗೆ ವರ್ಷವಿಡೀ ಹಸಿರು ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ವರ್ಷಕ್ಕೆ ಸಾವಿರಾರು. ಕಾಲಿನಿಂದ ಹೊಂಡ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ನಸುಕಿನೊಳಗೆ ಕಡಲಿಗೆ ವಾಪಸ್. ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ನೋಡಲು ಹೋದವರು ಬಿಳಿ ಟಾರ್ಚ್ ಹಾಕುವ ಹಾಗಿಲ್ಲ, ಮೊಬೈಲ್ ಫ್ಲ್ಯಾಶ್ ಅಂತೂ ಬೇಡವೇ ಬೇಡ. ಆಮೆ ಮೊಟ್ಟೆ ಇಡಲು ಶುರು ಮಾಡುವವರೆಗೆ ದೂರದಲ್ಲಿ ಕತ್ತಲಲ್ಲೇ ಕುಳಿತಿರಬೇಕು. ಬೆಳಕಿಗೆ ಬೆದರಿದರೆ ಅದು ಮೊಟ್ಟೆ ಇಡದೆ ಹಿಂದೆ ಹೋಗುತ್ತದೆ.

ಮಾಂಸಕ್ಕಾಗಿ ಆಮೆ ಕೊಲ್ಲುವುದು ಆ ದೇಶದ ಕಾನೂನಿನಲ್ಲಿ ಅಪರಾಧ. ಆದರೂ ಬೇರೆ ತೀರಗಳಲ್ಲಿ ರಾತ್ರಿ ಕಡಿಯುವವರು ಇದ್ದಾರೆ. ಇತ್ಸಾಮಿಯದಲ್ಲಿ ಹಳ್ಳಿಯವರೇ ಸಂಘ ಕಟ್ಟಿ ಕಾಯುತ್ತಾರೆ. ಬಂದವರು ಉಳಿಯುವುದು, ಉಣ್ಣುವುದು, ಜೊತೆಗೆ ದಾರಿ ತೋರುವವನ ಕೂಲಿ, ಈ ಹಣ ಹಳ್ಳಿಗೆ ಸೇರಿದರೆ ಮಾತ್ರ ಕಾಯುವವನ ಮನೆಯ ಒಲೆ ಉರಿಯುತ್ತದೆ. ಆದ್ದರಿಂದ ಮೊರೊನಿಯ ಹೋಟೆಲಲ್ಲಿ ಐದು ದಿನ ಕಳೆದು ಮೊಹೆಲಿಗೆ ಒಂದು ರಾತ್ರಿ ಎಂಬ ಲೆಕ್ಕವನ್ನು ನಾವು ತಿರುಗಿಸಿದೆವು. ಹಳ್ಳಿಯಲ್ಲೇ ನಾಲ್ಕು ರಾತ್ರಿ. ಎಸಿ ಇಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ ಎಂದು ಮಕ್ಕಳಿಗೆ ತಿಳಿಸಿ ಆಗಿದೆ.

ಇನ್ನೊಂದು ಪ್ರಾಣಿ ಲಿವಿಂಗ್‌ಸ್ಟನ್ ಬಾವಲಿ. ರೆಕ್ಕೆ ಬಿಚ್ಚಿದರೆ 1.4 ಮೀಟರ್‌ವರೆಗೆ ಅಗಲ. ಹಗಲಲ್ಲೂ ಹದ್ದಿನ ಹಾಗೆ ಗಾಳಿಯಲ್ಲಿ ತೇಲುತ್ತದೆ. ಅಂಜುವಾನ್ ಮತ್ತು ಮೊಹೆಲಿಯ ಕಡಿದಾದ ಕಾಡು ಬಿಟ್ಟರೆ ಲೋಕದಲ್ಲಿ ಬೇರೆ ಎಲ್ಲೂ ಕಾಡಿನಲ್ಲಿ ಇಲ್ಲ, ಉಳಿದಿರುವುದೂ ಸುಮಾರು 1,200. ತೋಟಕ್ಕಾಗಿ ಗುಡ್ಡದ ಮರ ಬೋಳಾದಂತೆ ಅದಕ್ಕೆ ನೇತಾಡಲು ಕೊಂಬೆ ಇಲ್ಲ. ನಿಪಾ ಸುದ್ದಿ ಬಂದಾಗಲೆಲ್ಲ ಬಾವಲಿ ಹೆಸರಿಗೇ ಹೆದರುವ ನಮ್ಮ ಮನೆಯಲ್ಲಿ ಇದನ್ನು ಒಪ್ಪಿಸುವುದು ಸುಲಭ ಇರಲಿಲ್ಲ. ದೂರದಿಂದಲೇ ನೋಡುವುದು, ಮುಟ್ಟುವುದಿಲ್ಲ ಎಂಬ ಮಾತಿನ ಮೇಲೆ ಪಾಸಾಯಿತು.

ಯಾವಾಗ ಹೋಗುವುದು? ಬೇಸಿಗೆ ರಜೆಯ ಏಪ್ರಿಲ್ ಸರಿಯಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ, ಚಂಡಮಾರುತದ ಕಾಲ. 2019ರ ಏಪ್ರಿಲ್‌ನಲ್ಲೇ ಕೆನೆತ್ ಚಂಡಮಾರುತ ಬಡಿದದ್ದು. ಆ ತಿಂಗಳುಗಳ ಈಶಾನ್ಯ ಗಾಳಿಗೆ ಅಲ್ಲಿ ‘ಕಷ್ಕಾಝಿ’ ಎನ್ನುತ್ತಾರೆ. ಹಿಂದೆ ನಮ್ಮ ಕಡಲಿನ ಹಾಯಿಹಡಗುಗಳನ್ನು ಆಫ್ರಿಕಾಕ್ಕೆ ಒಯ್ಯುತ್ತಿದ್ದ ಗಾಳಿಯೂ ಅದೇ. ಜುಲೈಯಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಆ ಬೆಚ್ಚಗಿನ ನೀರಿಗೆ ಬರುತ್ತವೆ. ಹಾಗಾಗಿ ದಸರಾ ರಜೆ. ಆಗ ಆಮೆಯೂ ಉಂಟು, ಮರಿಯೊಂದಿಗೆ ತಿಮಿಂಗಿಲವೂ ಸಿಗಬಹುದು.

ದಾರಿ ಮುಂಬೈಯಿಂದ ಅಡಿಸ್ ಅಬಾಬ ಅಥವಾ ನೈರೋಬಿ, ಅಲ್ಲಿಂದ ಮೊರೊನಿ. ತಮ್ಮ ದುಬೈಯಿಂದ ಬಂದು ದಾರಿಯಲ್ಲಿ ಸೇರುತ್ತಾನೆ. ಇಥಿಯೋಪಿಯ, ಕೀನ್ಯಾ ಎರಡೂ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟವರು ಭಾರತಕ್ಕೆ ಮರಳುವಾಗ ಲಸಿಕೆಯ ಕಾರ್ಡು ತೋರಿಸಬೇಕಾಗುತ್ತದೆ. ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲೆ ಕಾರ್ಡು ಊರ್ಜಿತ, ನಂತರ ಜೀವನಪೂರ್ತಿ ಸಾಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಕೆಲಸ ಕೆಡುತ್ತದೆ. ಮಲೇರಿಯಾ ಮಾತ್ರೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಹಣವನ್ನು ಯೂರೊ ನೋಟಿನಲ್ಲೇ ಒಯ್ಯುವುದು ಒಳ್ಳೆಯದು, ಮೊಹೆಲಿಯಲ್ಲಿ ಎಟಿಎಂ ಕಾರ್ಡು ನಂಬಿ ಹೋಗಬಾರದು. ಭಾರತದ ರಾಯಭಾರ ಕಚೇರಿ ಕೊಮೊರೊಸ್‌ನಲ್ಲಿಲ್ಲ, ಮಡಗಾಸ್ಕರ್‌ನ ಅಂತಾನನರಿವೊದಿಂದ ನೋಡಿಕೊಳ್ಳುತ್ತಾರೆ. ಆ ನಂಬರು ಪ್ರತಿಯೊಬ್ಬರ ಫೋನಲ್ಲೂ ಇರಬೇಕು.

ಮನೆಯಲ್ಲಿ ಎಲ್ಲರೂ ಸುಮ್ಮನಾದದ್ದು ಮೊರೊನಿಯಿಂದ ಮೊಹೆಲಿಗೆ ಹೋಗುವ ಮಾತು ಬಂದಾಗ. 2022ರ ಫೆಬ್ರವರಿಯಲ್ಲಿ ಆ ಸಣ್ಣ ಹಾದಿಯಲ್ಲೇ ಒಂದು ಪುಟ್ಟ ವಿಮಾನ ಕಡಲಿಗೆ ಬಿತ್ತು, ಅದರಲ್ಲಿ 14 ಜನ ಇದ್ದರು. ಇದನ್ನು ಮುಚ್ಚಿಡಬೇಕೆಂದು ತಮ್ಮ ಹೇಳಿದ್ದ. ನಮಗೆ ಮನಸ್ಸಾಗಲಿಲ್ಲ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ಎಂತ ಆಯಿತೆಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ. ಅಂದು ನಾವು ಎರಡು ಮನೆಗೆ ಮಯ್ಯತ್ ನೋಡಲು ಹೋದವರು. ಹಾಗೆಂದು ದೋಣಿ ಹೆಚ್ಚು ಭದ್ರವೂ ಅಲ್ಲ. ಜನ, ಸಾಮಾನು ತುಂಬಿದ ಸಣ್ಣ ದೋಣಿಗಳು ಆ ಕಡಲಲ್ಲಿ ಮುಳುಗಿದ್ದು ಒಂದೆರಡು ಸಲ ಅಲ್ಲ. ಕೊನೆಗೆ ತೀರ್ಮಾನ ಹೀಗಾಯಿತು: ಹಗಲಿನ ವಿಮಾನ ಮಾತ್ರ, ಹವೆ ಕೆಟ್ಟರೆ ಮೊರೊನಿಯಲ್ಲೇ ಉಳಿಯುವುದು. ಅದಕ್ಕಾಗಿ ಹೋಗುವಾಗ ಎರಡು, ಬರುವಾಗ ಎರಡು ದಿನ ಖಾಲಿ ಬಿಡುವುದು. ಹವೆ ಬಿಡದೆ ಆಮೆ ನೋಡಲಾಗದಿದ್ದರೆ ಹಾಗೆಯೇ ವಾಪಸ್. ಮಗಳು ಒಂದು ಗಳಿಗೆ ಮುಖ ಊದಿಸಿ, ಆಮೇಲೆ ‘ಆಯ್ತು’ ಎಂದಳು.

ಉಮ್ಮ ಹುಟ್ಟಿದ್ದು ಉಳ್ಳಾಲದ ಕಡಲ ಬದಿಯಲ್ಲಿ. ಎಲ್ಲ ಕೇಳಿಸಿಕೊಂಡು ಕೈ ತೊಳೆಯುತ್ತಾ ಒಂದು ಮಾತು ಹೇಳಿದರು. ಸಣ್ಣವರಿದ್ದಾಗ ಮನೆ ಹಿಂದಿನ ಮರಳಲ್ಲಿ ಆಮೆ ಹೋದ ಜಾಡು ಕಂಡಿದ್ದರಂತೆ, ಮಕ್ಕಳೆಲ್ಲ ಸೇರಿ ಹೊಂಡ ಕೆದಕಿ ಮೊಟ್ಟೆ ತೆಗೆದಿದ್ದರಂತೆ. ಆಮೆಯನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. 2024ರಲ್ಲಿ ಸಸಿಹಿತ್ಲು ತೀರದಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಸುದ್ದಿ ಬಂದಾಗಲೂ ಪೇಪರ್ ಮಡಿಸಿ ಇಟ್ಟುಕೊಂಡಿದ್ದರು.

ಅರುವತ್ತು ದಾಟಿದವರಿಗೆ ಹಳದಿ ಜ್ವರದ ಲಸಿಕೆಯನ್ನು ವೈದ್ಯರು ಯೋಚಿಸಿಯೇ ಕೊಡುವುದು. ಬರುವ ಸೋಮವಾರ ಉಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಲಿಕ್ಕೆ ಉಂಟು. ಟಿಕೆಟ್ ಅದರ ನಂತರ.