ಆಲೂಗಡ್ಡೆ ಹೊಲದಲ್ಲಿ ಎಂಬತ್ತನೆಯ ಮೊಗ್ಗು

ಜುಲೈ ತಿಂಗಳ ಜಿಟಿಜಿಟಿ ಮಳೆ ಮೂರು ದಿನ ಬಿಡದೆ ಹಿಡಿಯಿತೆಂದರೆ ಅರಕಲಗೂಡು, ಹೊಳೆನರಸೀಪುರ ಕಡೆಯ ಆಲೂಗಡ್ಡೆ ಬೆಳೆಗಾರರು ಬೆಳಿಗ್ಗೆ ಎದ್ದವರೇ ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡುತ್ತಾರೆ. ಮೇಲ್ಭಾಗದಲ್ಲಿ ಬಿಸಿನೀರು ಚೆಲ್ಲಿದಂತೆ ಬೆಂದ ಕಲೆ, ಅಡಿಭಾಗದಲ್ಲಿ ಆ ಕಲೆಯ ಅಂಚಿಗೇ ಹತ್ತಿದ ಬಿಳಿ ಬೂಷ್ಟು. ಅಷ್ಟು ಕಂಡರೆ ಅಂಗಮಾರಿ ಬಂದಿದೆ ಎಂದೇ ಲೆಕ್ಕ. ಹವೆ ಹೀಗೆಯೇ ಇದ್ದರೆ ವಾರದೊಳಗೆ ಇಡೀ ತಾಕು ಕಪ್ಪಾಗಿ, ಕೊಳೆತ ವಾಸನೆ ರಸ್ತೆಯವರೆಗೂ ಬರುತ್ತದೆ. ಆ ಹೊಲ ಉಳಿಯುವುದೋ ಹೋಗುವುದೋ ಎಂಬುದನ್ನು ಮಳೆ, ಔಷಧಿ, ಬಿತ್ತನೆ ಗಡ್ಡೆ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಆದರೆ ಎಲೆಯ ಜೀವಕೋಶದೊಳಗೆ ಅದೇ ತೀರ್ಮಾನ ಎರಡು ಪ್ರೋಟೀನುಗಳ ನಡುವೆ, ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಚಿಕ್ಕ ಅಂತರದಲ್ಲಿ ನಡೆಯುತ್ತದೆ. ಆ ಅಂತರವನ್ನು ಅಳೆಯುವ ವಿದ್ಯೆ ಹಾಸನದ ರೈತನಿಗೆ ಎಷ್ಟರಮಟ್ಟಿಗೆ ಆದೀತು ಎಂಬುದು ಈ ಲೇಖನದ ವಿಚಾರ.

ಜಲಂಧರ್‌ನ ಗಡ್ಡೆ, ಹಾಸನದ ಮಳೆ

ಪಂಜಾಬ್, ಉತ್ತರಪ್ರದೇಶಗಳಲ್ಲಿ ಆಲೂಗಡ್ಡೆ ಚಳಿಗಾಲದ ನೀರಾವರಿ ಬೆಳೆ. ಹಾಸನ ಜಿಲ್ಲೆಯಲ್ಲಿ ಅದು ಮುಂಗಾರಿನ ಮಳೆಯಾಶ್ರಿತ ಬೆಳೆ. ರೋಗಕ್ಕೆ ಬೇಕಾದ ತಂಪು, ತೇವ ಎರಡೂ ಬೆಳೆಯ ಜೊತೆಜೊತೆಗೇ ಬರುತ್ತವೆ. ಮೇ ತಿಂಗಳಲ್ಲಿ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆಯ ಲಾರಿಗಳು ಹಾಸನದ ಎಪಿಎಂಸಿ ಆವರಣಕ್ಕೆ ಬರುತ್ತವೆ. ರೈತರು ಮೂಟೆ ಒಯ್ದು, ತುಂಡಿಗೆ ಒಂದೆರಡು ಕಣ್ಣು ಉಳಿಯುವಂತೆ ಕತ್ತರಿಸಿ, ಮೊದಲ ಹದಮಳೆಗೆ ನೆಡುತ್ತಾರೆ. ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಅರಕಲಗೂಡಿನಿಂದ ಚನ್ನರಾಯಪಟ್ಟಣದ ತೆಂಗಿನ ಸೀಮೆಯತ್ತ ಬಂದಂತೆ ಮಳೆ ತೆಳುವಾಗುತ್ತದೆ, ಅಂಗಮಾರಿಯ ಕಾಟವೂ ಅದರ ಹಿಂದೆಯೇ ಏರಿಳಿಯುತ್ತದೆ.

ಇಲ್ಲಿ ಬಹುಕಾಲ ಮೆರೆದ ತಳಿ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿ ತಡೆಯುವ ಗುಣವೇ ಅದರ ಹೆಗ್ಗಳಿಕೆ. ಆ ಗುಣ ಕ್ರಮೇಣ ಕುಂದಿತು. ತಳಿ ಕೆಟ್ಟಿತೆಂದು ಹೊಲದ ಬದುವಿನ ಮೇಲೆ ಹೇಳುವುದುಂಟು. ಬದಲಾದದ್ದು ತಳಿಯಲ್ಲ, ರೋಗಾಣು. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ಇದೇ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಇಂದಿಗೂ ರೂಪ ಬದಲಿಸುತ್ತಲೇ ಇದೆ. 2009–10ರ ಸುಮಾರಿಗೆ ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆಗಳನ್ನು ಹಾಳುಗೆಡವಿದ ರೋಗಾಣು ಯುರೋಪಿನಲ್ಲಿ ಅದಾಗಲೇ ಕುಖ್ಯಾತವಾಗಿದ್ದ 13_ಎ2 ಎಂಬ ವಂಶಕ್ಕೆ ಸೇರಿದ್ದೆಂದು ಪರೀಕ್ಷೆಗಳು ತೋರಿಸಿದವು. ಮೆಟಲಾಕ್ಸಿಲ್ ಔಷಧಿಗೆ ಅದು ಜಗ್ಗುವುದಿಲ್ಲ. ಒಂದೆರಡು ವರ್ಷ ಕೈಸುಟ್ಟುಕೊಂಡವರು ಶುಂಠಿಗೋ ಮುಸುಕಿನ ಜೋಳಕ್ಕೋ ತಿರುಗಿದರು.

ಬಾಳೆಎಲೆಯಲ್ಲಿ ಸುತ್ತಿದ ಒಂದು ಮಾರು ಹೂವು

ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಸರ. ಒಂದಕ್ಕೊಂದು ಬೆಸೆಯುವಾಗ ನೀರಿನ ಒಂದು ಅಣು ಕಳಚಿಹೋಗಿ ಮಿಕ್ಕದ್ದು ಸರದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಸರದ ಒಂದೊಂದು ಘಟಕಕ್ಕೂ ಶೇಷ ಎಂಬ ಹೆಸರು. ಹೂವಾಡಗಿತ್ತಿ ಒಂದು ಮಾರು ಸೇವಂತಿಗೆಯನ್ನು ಅಳೆದು, ಸುರುಳಿ ಸುತ್ತಿ ಬಾಳೆಎಲೆಯಲ್ಲಿಟ್ಟು ಕೊಡುವುದನ್ನು ನೆನೆಯಬಹುದು. ದಾರದ ಲೆಕ್ಕದಲ್ಲಿ ಮೂರನೆಯ ಹೂವಿಗೂ ಎಂಬತ್ತನೆಯ ಹೂವಿಗೂ ಬಹಳ ದೂರ. ಪೊಟ್ಟಣದೊಳಗೆ ಅವೆರಡರ ಎಸಳು ಎಸಳಿಗೆ ತಾಗಿರಬಹುದು. ಹೀಗೆ ಸರದಲ್ಲಿ ದೂರವಿದ್ದೂ ಮಡಿಕೆಯಲ್ಲಿ ನೆರೆಯಾಗುವ ಶೇಷಗಳು ಯಾವುವು, ಅವುಗಳ ನಡುವಿನ ಬಂಧ ಎಂಥದು ಎಂದು ಪಟ್ಟಿ ಮಾಡುವುದೇ ಸ್ಪರ್ಶ ವಿಶ್ಲೇಷಣೆ.

ಅಳತೆಗೋಲು ಆಂಗ್‌ಸ್ಟ್ರಾಂ, ಅಂದರೆ ಮೀಟರಿನ ಸಾವಿರ ಕೋಟಿಯ ಒಂದು ಪಾಲು. ಎರಡು ಶೇಷಗಳ ನಿರ್ದಿಷ್ಟ ಇಂಗಾಲದ ಪರಮಾಣುಗಳು 8 ಆಂಗ್‌ಸ್ಟ್ರಾಂ ಒಳಗಿದ್ದರೆ ಸ್ಪರ್ಶ ಎಂದು ಕೆಲವರು ಎಣಿಸುತ್ತಾರೆ. ಯಾವುದೇ ಎರಡು ಪರಮಾಣುಗಳು 4.5ರ ಒಳಗೆ ಬರಬೇಕೆಂದು ಇನ್ನು ಕೆಲವರ ಪಟ್ಟು. ಈ ಗೆರೆ ಮನುಷ್ಯರು ಎಳೆದದ್ದು. ಗೆರೆ ಚೂರು ಸರಿದರೆ ಪಟ್ಟಿಯೂ ಬದಲಾಗುತ್ತದೆ ಎಂಬುದನ್ನು ಕಂಪ್ಯೂಟರ್ ಪರದೆಯ ಬಣ್ಣಬಣ್ಣದ ಚಿತ್ರಗಳು ಮರೆಸಿಬಿಡುತ್ತವೆ.

ಈ ವಿದ್ಯೆ ನಮಗೆ ಹೊರಗಿನದಲ್ಲ. ಸರದ ತಿರುವುಗಳಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ತೋರಿಸುವ, 1963ರಲ್ಲಿ ಮದರಾಸಿನಿಂದ ಪ್ರಕಟವಾದ ರಾಮಚಂದ್ರನ್ ನಕ್ಷೆ ಮೂಲತಃ ಸ್ಪರ್ಶದ ಲೆಕ್ಕವೇ: ಎರಡು ಪರಮಾಣುಗಳು ಎಷ್ಟು ಹತ್ತಿರ ಬಂದರೆ ಡಿಕ್ಕಿಯಾಗುತ್ತದೆ ಎಂಬ ಲೆಕ್ಕ. ಅದರ ಕರ್ತೃ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಶೇಷಗಳನ್ನು ಊರುಗಳೆಂದೂ ಸ್ಪರ್ಶಗಳನ್ನು ರಸ್ತೆಗಳೆಂದೂ ಭಾವಿಸಿ, ಇಡೀ ಪ್ರೋಟೀನನ್ನು ಒಂದು ಜಾಲವಾಗಿ ಓದುವ ಗಣಿತವೂ 1990ರ ದಶಕದ ಕೊನೆಯಿಂದ ಅದೇ ಆವರಣದಲ್ಲಿ ಬೆಳೆಯಿತು. ಯಾವ ಊರು ಮುಚ್ಚಿದರೆ ಸಂಚಾರವೇ ನಿಲ್ಲುತ್ತದೆ ಎಂದು ಕೇಳುವ ಬಗೆ ಅದು.

ಎರಡು ಸ್ಥಾನ, ಒಂದು ಆಮ್ಲಜನಕ

ಅಂಗಮಾರಿಯ ರೋಗಾಣು ಎಲೆಯ ಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ನುಗ್ಗಿಸಿ ಗಿಡದ ಕಾವಲನ್ನು ಮಲಗಿಸುತ್ತದೆ. 2009ರಲ್ಲಿ ಅದರ ಜೀನೋಮ್ ಓದಿದಾಗ ಇಂಥ ಆಯುಧಗಳನ್ನು ರೂಪಿಸುವಂತೆ ಕಾಣುವ ಜೀನುಗಳು ಐನೂರಕ್ಕೂ ಹೆಚ್ಚು ಸಿಕ್ಕವು. ಅವುಗಳಲ್ಲೊಂದು, ಎವಿಆರ್3ಎ, 147 ಶೇಷಗಳ ಸಣ್ಣ ಸರ. ಅದರ 80ನೆಯ ಸ್ಥಾನದಲ್ಲಿ ಲೈಸಿನ್, 103ರಲ್ಲಿ ಐಸೊಲ್ಯೂಸಿನ್ ಇದ್ದರೆ ಮೆಕ್ಸಿಕೊದ ಕಾಡು ಆಲೂಗಡ್ಡೆಯಿಂದ ಬಂದ ಆರ್3ಎ ಎಂಬ ಕಾವಲು ಪ್ರೋಟೀನು ಕಳ್ಳನನ್ನು ಗುರುತಿಸಿ, ಸೋಂಕಿದ ಕೋಶವನ್ನೇ ಸಾಯಿಸಿ ರೋಗವನ್ನು ಅಲ್ಲಿಗೇ ಕಟ್ಟಿಹಾಕುತ್ತದೆ. ಅದೇ ಜಾಗಗಳಲ್ಲಿ ಗ್ಲುಟಮಿಕ್ ಆಮ್ಲ, ಮೆಥಿಯೊನಿನ್ ಬಂದರೆ ಗುರುತು ಸಿಗುವುದಿಲ್ಲ. ಲೈಸಿನ್‌ಗೆ ಧನ ವಿದ್ಯುದಂಶ, ಗ್ಲುಟಮಿಕ್ ಆಮ್ಲಕ್ಕೆ ಋಣ. 147ರಲ್ಲಿ ಎರಡು ಬದಲಾದರೆ ಸಾಕು, ಆರ್3ಎ ನಂಬಿದ ಹೊಲಕ್ಕೆ ಕಾವಲಿಲ್ಲ.

ಔಷಧಿಯ ಸೋಲಿನಲ್ಲೂ ಇಂಥದೇ ಸೂಕ್ಷ್ಮವಿದೆ. ಮೆಟಲಾಕ್ಸಿಲ್ ತಡೆಯುವುದು ರೋಗಾಣುವಿನ ಆರ್‌ಎನ್‌ಎ ತಯಾರಿಸುವ ಒಂದು ಕಿಣ್ವವನ್ನು. ಔಷಧಿಗೆ ಬಗ್ಗದ ಕೆಲವು ತಳಿಗಳಲ್ಲಿ ಆ ಕಿಣ್ವದ ದೊಡ್ಡ ಘಟಕದ 382ನೆಯ ಸ್ಥಾನದಲ್ಲಿದ್ದ ಟೈರೊಸಿನ್ ಹೋಗಿ ಫಿನೈಲ್‌ಅಲನಿನ್ ಬಂದಿರುವುದು ಕಂಡಿದೆ. ಇವೆರಡಕ್ಕೂ ಇರುವ ವ್ಯತ್ಯಾಸ ಆಮ್ಲಜನಕದ ಒಂದೇ ಒಂದು ಪರಮಾಣು. ಬಗ್ಗದ ಎಲ್ಲ ತಳಿಗಳಲ್ಲೂ ಇದೇ ಬದಲಾವಣೆ ಸಿಕ್ಕಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಅರಕಲಗೂಡಿನ ಇನ್ನೊಂದು ಬೆಳೆಯೂ ಇಲ್ಲಿ ಪಾಠ ಹೇಳುತ್ತದೆ. ರಾಮನಾಥಪುರದ ಹರಾಜು ಕಟ್ಟೆಗೆ ಸೊಪ್ಪು ಹೊರುವವರಿಗೆ ಹೊಗೆಸೊಪ್ಪಿನ ಎಲೆ ಹಳದಿ ಹಸಿರಾಗಿ ಮಚ್ಚೆಗಟ್ಟುವ ಮೊಸಾಯಿಕ್ ರೋಗ ಹೊಸದಲ್ಲ. ಆ ವೈರಸ್ಸು ಒಂದು ಕಡ್ಡಿ; 158 ಶೇಷಗಳ ಒಂದೇ ಪ್ರೋಟೀನಿನ ಸುಮಾರು 2,130 ಪ್ರತಿಗಳು ಸುರುಳಿಯಾಗಿ ಪೇರಿಸಿಕೊಂಡು ಆದದ್ದು. ಒಂದು ಪ್ರತಿಯ 50ನೆಯ ಸ್ಥಾನದ ಗ್ಲುಟಮಿಕ್ ಆಮ್ಲವೂ ಪಕ್ಕದ ಪ್ರತಿಯ 77ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲವೂ ಎದುರುಬದುರು ಕೂತಿವೆ. ಎರಡಕ್ಕೂ ಋಣ ವಿದ್ಯುದಂಶ, ಒಂದನ್ನೊಂದು ತಳ್ಳುತ್ತವೆ. ಹೊರಗೆ ಈ ಜಗಳ ಅದುಮಿಕೊಂಡಿರುತ್ತದೆ. ಕೋಶದೊಳಗೆ ಹೊಕ್ಕು ಪರಿಸರ ಬದಲಾದಾಗ ಅದೇ ತಳ್ಳಾಟ ಕಡ್ಡಿಯನ್ನು ಸಡಿಲಿಸಿ ವೈರಸ್ಸಿನ ಆರ್‌ಎನ್‌ಎಯನ್ನು ಹೊರಬಿಡುತ್ತದೆ. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ಸ್ಪರ್ಶವೂ ಹಿಡಿದಿಡುವ ಗಂಟಲ್ಲ. ಬಿಚ್ಚಲೆಂದೇ ಹಾಕಿದ ಗಂಟೂ ಉಂಟು.

ಪರದೆಗೂ ತಾಕಿಗೂ ನಡುವೆ

1971ರಲ್ಲಿ ಏಳು ರಚನೆಗಳಿಂದ ಶುರುವಾದ ಪ್ರೋಟೀನು ಭಂಡಾರದಲ್ಲಿ ಈಗ ಪ್ರಯೋಗದಿಂದ ಕಂಡುಕೊಂಡ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. 2022ರ ಹೊತ್ತಿಗೆ ಕೃತಕ ಬುದ್ಧಿಮತ್ತೆ ಊಹಿಸಿದ ಸುಮಾರು 20 ಕೋಟಿ ರಚನೆಗಳು ಸಾರ್ವಜನಿಕರ ಕೈಗೆ ಬಂದವು. ಹಾಸನದ ಕಾಲೇಜೊಂದರ ವಿದ್ಯಾರ್ಥಿನಿ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಎವಿಆರ್3ಎಯ ಸ್ಪರ್ಶಪಟ್ಟಿ ತೆಗೆಯಬಹುದು. ಯಾವ ಕಾವಲು ಜೀನು ಇನ್ನೂ ಸೋತಿಲ್ಲ, ಯಾವ ಎರಡನ್ನು ಜೋಡಿಸಿದರೆ ರೋಗಾಣುವಿಗೆ ತಪ್ಪಿಸಿಕೊಳ್ಳುವುದು ಕಷ್ಟ ಎಂದು ಮುಂಚೆಯೇ ಸೋಸಿಕೊಂಡರೆ ತಳಿ ಅಭಿವೃದ್ಧಿಯ ಹಲವು ವರ್ಷ ಉಳಿದೀತು ಎಂಬ ವಾದದಲ್ಲಿ ಹುರುಳಿದೆ.

ಎದುರು ವಾದವೂ ಹಗುರವಲ್ಲ. ಆರ್3ಎಯಲ್ಲಿ ಒಂದು ಶೇಷ ಬದಲಿಸಿ, ತಪ್ಪಿಸಿಕೊಳ್ಳುತ್ತಿದ್ದ ರೂಪವನ್ನೂ ಅದು ಗುರುತಿಸುವಂತೆ ವಿಜ್ಞಾನಿಗಳು ಮಾಡಿದ್ದಾರೆ. ಪ್ರಯೋಗದ ಎಲೆಯಲ್ಲಿ ಅದು ಫಲಿಸಿತು, ರೋಗಾಣುವನ್ನೇ ಎದುರಿಗೆ ನಿಲ್ಲಿಸಿದಾಗ ಪೂರ್ಣ ರಕ್ಷಣೆ ದೊರೆಯಲಿಲ್ಲ. ಕಾಡು ಆಲೂಗಡ್ಡೆಯ ಜೀನನ್ನು ಕುಫ್ರಿ ಜ್ಯೋತಿಗೇ ಸೇರಿಸಿದ ತಳಿ ನಮ್ಮ ದೇಶದಲ್ಲಿ ಸಿದ್ಧವಾಗಿದ್ದರೂ ಕುಲಾಂತರಿಯ ಕುರಿತ ಆತಂಕ, ಅನುಮತಿಗಳ ನಡುವೆ ಅದು ರೈತನ ಹೊಲಕ್ಕೆ ಬಂದಿಲ್ಲ. ಇದೆಲ್ಲಕ್ಕಿಂತ ಮೊದಲು ಒಳ್ಳೆಯ ಬಿತ್ತನೆ ಗಡ್ಡೆ, ಹವೆ ನೋಡಿ ಸಿಂಪಡಿಸುವ ಸಲಹೆ, ನ್ಯಾಯವಾದ ಬೆಲೆ ಇವು ಬೇಡವೇ ಎಂದು ಬೆಳೆಗಾರ ಕೇಳಿದರೆ ಅದಕ್ಕೆ ಉತ್ತರ ಆಂಗ್‌ಸ್ಟ್ರಾಂಗಳಲ್ಲಿ ಸಿಗದು.

ಆದರೂ ಇವೆರಡನ್ನು ಎದುರುಬದುರು ನಿಲ್ಲಿಸುವುದು ಸರಿಯೆನಿಸುವುದಿಲ್ಲ. ಸ್ಪರ್ಶಪಟ್ಟಿಗೆ ಬೆಲೆ ಬರುವುದು ಹೊಲದಲ್ಲಿರುವ ರೋಗಾಣುವಿನ 80ನೆಯ ಸ್ಥಾನದಲ್ಲಿ ನಿಜಕ್ಕೂ ಏನಿದೆ ಎಂದು ತಿಳಿದಾಗ. ಅದು ತಿಳಿಯಲು ಅರಕಲಗೂಡಿನ, ಹೊಳೆನರಸೀಪುರದ, ಚನ್ನರಾಯಪಟ್ಟಣದ ರೋಗದ ಎಲೆ ಪ್ರತಿವರ್ಷ ಪ್ರಯೋಗಾಲಯ ಸೇರಬೇಕು, ಫಲಿತಾಂಶ ವಾಪಸು ಬರಬೇಕು. ಅಂಗಮಾರಿ ಗಡ್ಡೆಯೊಳಗೂ ಅವಿತು ಊರೂರು ದಾಟಬಲ್ಲದು. ಹಾಗಾಗಿ ಈ ವಿಚಾರಣೆ ನಡೆಯಬೇಕಾದದ್ದು ಜುಲೈನಲ್ಲಿ ಎಲೆ ಮಗುಚಿ ನೋಡುವ ಹೊತ್ತಿಗಲ್ಲ, ಮೇ ತಿಂಗಳಲ್ಲಿ, ಜಲಂಧರ್‌ನ ಲಾರಿಯ ಟಾರ್ಪಾಲು ಬಿಚ್ಚಿ ಹಮಾಲರು ಮೊದಲ ಮೂಟೆ ಇಳಿಸುವಾಗ.