ಸೂರಿಗಿಂತ ಮೊದಲು ನೆಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಗರಿಗೇನೂ ಬರವಿಲ್ಲ. ಆದರೆ ನಿವೇಶನವೇ ಇಲ್ಲದವನು ಅದನ್ನು ಎಲ್ಲಿ ಹೊದಿಸಬೇಕು? ಇದೇ ಪ್ರಶ್ನೆಯನ್ನು ಇಡೀ ದೇಶದ ಮಟ್ಟದಲ್ಲಿ ಎದುರಿಸಿದ ಕನ್ನಡನಾಡಿನವರೊಬ್ಬರು ಕೆ. ಚೆಂಗಲರಾಯ ರೆಡ್ಡಿಯವರು. ಕೋಲಾರ ಸೀಮೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಜನಿಸಿದ ಅವರು, 1947ರಿಂದ 1952ರವರೆಗೆ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾಗಿದ್ದು, 1957ರಲ್ಲಿ ಕೇಂದ್ರದ ವಸತಿ ಸಚಿವರಾದರು. ಕೇಂದ್ರವು ಸಾಲ ಕೊಡಬಲ್ಲುದು. ನೆಲ ಒದಗಿಸಬೇಕಾದುದು ರಾಜ್ಯ. ಈ ಎರಡು ತುದಿಗಳನ್ನೂ ಅವರು ಬಲ್ಲವರು. ಅವರ ಅಧಿಕಾರಾವಧಿಯಲ್ಲಿ, 1957ರಲ್ಲಿ ಗ್ರಾಮ ವಸತಿ ಯೋಜನೆಯೂ, 1959ರಲ್ಲಿ ನೆಲವನ್ನು ವಶಪಡಿಸಿಕೊಂಡು ನಿವೇಶನ ಮಾಡಲು ರಾಜ್ಯಗಳಿಗೆ ಸಾಲ ಕೊಡುವ ಯೋಜನೆಯೂ ಜಾರಿಗೆ ಬಂದವು. ವಾಚಕರೇ, ನಿಮ್ಮೂರಿನ ಗ್ರಾಮಸಭೆಯಲ್ಲಿ ಮನೆ ಹಂಚುವ ಮಾತು ಬಂದಾಗ, ಬಡವನಿಗೆ ನಿವೇಶನವೆಲ್ಲಿ ಎಂದು ಮೊದಲು ಕೇಳಿರಿ.