ಒಂದು ಋತು, ಇಬ್ಬರು ಚಾಂಪಿಯನ್ನರು

ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ಕಟ್ಟಿಕೊಂಡು ಹೋದ ದೈಹಿಕ ಶಿಕ್ಷಕರನ್ನು ಯಾರನ್ನಾದರೂ ಕೇಳಿ ನೋಡಿ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗರು ಬೆಳಿಗ್ಗೆ ಒಂದು ಪಂದ್ಯ ಸೋತರೆಂದರೆ, ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸು. ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಇದು ನಾಕೌಟ್ ಪದ್ಧತಿ. ಇದಕ್ಕೆ ಪ್ರತಿಯಾಗಿ ತಿಂಗಳುಗಟ್ಟಲೆ ನಡೆಯುವ ‘ಲೀಗ್’ ಎಂಬ ಪದ್ಧತಿ ಇದೆ. ಅದು ನಡೆಯುವುದು ಹೇಗೆ? ಅದನ್ನು ಯಾರು ನಡೆಸಬೇಕು? ಈ ಎರಡು ಪ್ರಶ್ನೆಗಳಿಗೂ ಯೂರೋಪಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬುಗಳ 2000-01ರ ಋತುವಿನಲ್ಲಿ ಒಳ್ಳೆಯ ಉತ್ತರವಿದೆ.

ಲೆಕ್ಕ ನಮ್ಮೂರಿನಿಂದಲೇ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರು ಊರುಗಳಿಗೆ ಒಂದೊಂದು ತಂಡವಿದೆ ಎಂದು ಭಾವಿಸೋಣ. ನಾಕೌಟ್‌ನಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಹೊರಹಾಕುತ್ತದೆ. ಆದ್ದರಿಂದ ಮೂರು ತಂಡಗಳಿದ್ದರೆ ಒಟ್ಟು ಎರಡೇ ಪಂದ್ಯ. ಲೀಗ್‌ನಲ್ಲಾದರೆ ಪ್ರತಿ ತಂಡವೂ ಉಳಿದೆರಡು ತಂಡಗಳೊಡನೆ ತನ್ನೂರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುತ್ತದೆ. ಒಟ್ಟು ಆರು ಪಂದ್ಯ, ಪ್ರತಿ ತಂಡಕ್ಕೆ ನಾಲ್ಕು. ಸೋತವನಿಗೂ ಮುಂದಿನ ಭಾನುವಾರ ಆಟವಿದೆ! ಸಿರುಗುಪ್ಪದ ಪ್ರೇಕ್ಷಕರಿಗೆ ತಮ್ಮ ಹುಡುಗರನ್ನು ತಮ್ಮೂರಿನಲ್ಲೇ ಎರಡು ಸಲ ನೋಡುವ ಅವಕಾಶವೂ ಸಿಗುತ್ತದೆ.

ಇದೇ ಲೆಕ್ಕವನ್ನು ಒಂದು ಖಂಡಕ್ಕೆ ವಿಸ್ತರಿಸಿದರೆ ಅಂತರರಾಷ್ಟ್ರೀಯ ಕ್ಲಬ್ ಲೀಗ್ ಆಗುತ್ತದೆ. ಇಲ್ಲಿ ಆಡುವುದು ದೇಶದ ತಂಡಗಳಲ್ಲ, ಊರಿನ ಕ್ಲಬ್ಬುಗಳು. ಆಟಗಾರರು ಸಂಬಳ ಪಡೆದು ಆಡುವ ವೃತ್ತಿಪರರು.

ಒಡಕು ಬಂದದ್ದೇಕೆ?

ಯೂರೋಪಿನ ಚಾಂಪಿಯನ್ ಕ್ಲಬ್ಬುಗಳ ಕಪ್ ಪಂದ್ಯಾವಳಿಯನ್ನು 1958ರಿಂದ ನಡೆಸುತ್ತ ಬಂದದ್ದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫೀಬಾ. ಆಟಗಾರರ ಸಂಬಳ, ಪ್ರಯಾಣ, ಕ್ರೀಡಾಂಗಣದ ವೆಚ್ಚ ಎಲ್ಲವೂ ಕ್ಲಬ್ಬುಗಳ ತಲೆಯ ಮೇಲೆ. ಆದರೆ ಪಂದ್ಯಾವಳಿಯ ಆಡಳಿತ, ದೂರದರ್ಶನ ಪ್ರಸಾರದ ಹಕ್ಕು ಫೀಬಾದ ಕೈಯಲ್ಲಿ. ‘ದುಡಿಯುವವರು ನಾವು, ತೀರ್ಮಾನಿಸುವವರು ನೀವೇ?’ ಎಂಬುದು ದೊಡ್ಡ ಕ್ಲಬ್ಬುಗಳ ವಾದ. ಆಟದ ನಿಯಮ, ರಾಷ್ಟ್ರೀಯ ತಂಡ, ಚಿಕ್ಕ ದೇಶಗಳು ಎಲ್ಲವನ್ನೂ ನೋಡಬೇಕಾದವರು ನಾವು ಎಂಬುದು ಸಂಸ್ಥೆಗಳ ವಾದ. ಎರಡರಲ್ಲೂ ಸತ್ಯಾಂಶವಿತ್ತು.

2000ದಲ್ಲಿ ಹಲವು ಕ್ಲಬ್ಬುಗಳು ಲೀಗುಗಳ ಒಕ್ಕೂಟವಾದ ಯೂಲೆಬ್‌ನ ಆಶ್ರಯದಲ್ಲಿ ಬೇರೆಯಾದವು. ‘ಯೂರೋಲೀಗ್’ ಎಂಬ ಹೆಸರನ್ನು ಫೀಬಾ ನೋಂದಾಯಿಸಿಕೊಂಡಿರಲಿಲ್ಲ; ಹೊಸಬರು ಅದನ್ನೇ ಎತ್ತಿಕೊಂಡರು! ಫೀಬಾ ತನ್ನ ಲೀಗಿಗೆ ‘ಸುಪ್ರೋಲೀಗ್’ ಎಂದು ಹೆಸರಿಟ್ಟಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನ, ಬೊಲೋನ್ಯದ ಕಿಂಡರ್ ಹೊಸ ಲೀಗಿಗೆ ಹೋದವು. ಅಥೆನ್ಸಿನ ಪನಥಿನೈಕೋಸ್, ಮಕ್ಕಾಬಿ ಟೆಲ್ ಅವೀವ್, ಮಾಸ್ಕೋದ ಸಿ.ಎಸ್.ಕೆ.ಎ. ಫೀಬಾದೊಡನೆ ಉಳಿದವು.

ಎರಡು ದಾರಿ, ಎರಡು ಫಲ

ಯೂರೋಲೀಗ್‌ನಲ್ಲಿ 24 ತಂಡಗಳು, ಆರಾರರಂತೆ ನಾಲ್ಕು ಗುಂಪು. ಮೊದಲ ಹಂತದಲ್ಲಿ ತಂಡಕ್ಕೆ 10 ಪಂದ್ಯ. ಸುಪ್ರೋಲೀಗ್‌ನಲ್ಲಿ 20 ತಂಡಗಳು, ಹತ್ತತ್ತರಂತೆ ಎರಡು ಗುಂಪು. ತಂಡಕ್ಕೆ 18 ಪಂದ್ಯ. ಮುಖ್ಯ ವ್ಯತ್ಯಾಸವಿದ್ದದ್ದು ಕೊನೆಯಲ್ಲಿ. ಯೂರೋಲೀಗ್ ಫೈನಲ್ಲಿಗೆ ಐದು ಪಂದ್ಯಗಳ ಸರಣಿ; ಮೊದಲು ಮೂರು ಗೆದ್ದವರಿಗೆ ಕಪ್. ಸುಪ್ರೋಲೀಗ್‌ನಲ್ಲಿ ನಾಲ್ಕು ತಂಡಗಳು ಒಂದೇ ಊರಿನಲ್ಲಿ ಸೇರಿ ಎರಡು ಸೆಮಿಫೈನಲ್, ಒಂದು ಫೈನಲ್ ಆಡಿ ಮುಗಿಸುವ ‘ಫೈನಲ್ ಫೋರ್’.

ಸ್ವಲ್ಪ ಗಣಿತ ನೋಡೋಣ. ಒಂದು ಪಂದ್ಯ ಗೆಲ್ಲುವ ಸಂಭವ ನೂರಕ್ಕೆ 60 ಇರುವ ತಂಡವೊಂದಿದೆ ಎನ್ನಿ. ಮೂರು ಪಂದ್ಯಗಳ ಸರಣಿಯಲ್ಲಿ ಅದು ಗೆಲ್ಲುವ ಸಂಭವ ಸುಮಾರು 65ಕ್ಕೂ, ಐದರ ಸರಣಿಯಲ್ಲಿ ಸುಮಾರು 68ಕ್ಕೂ ಏರುತ್ತದೆ. ಪಂದ್ಯಗಳು ಹೆಚ್ಚಿದಷ್ಟೂ ಅದೃಷ್ಟದ ಪಾತ್ರ ತಗ್ಗುತ್ತದೆ.

2001ರ ಯೂರೋಲೀಗ್ ಫೈನಲ್ ಇದಕ್ಕೆ ಒಳ್ಳೆಯ ನಿದರ್ಶನ. ಸ್ಪೇನಿನ ವಿಟೋರಿಯಾದ ಟಾವ್ ಸೆರಾಮಿಕಾ ತಂಡ ಮೊದಲ ಪಂದ್ಯವನ್ನು ಬೊಲೋನ್ಯದಲ್ಲೇ ಗೆದ್ದಿತು. ಒಂದೇ ಪಂದ್ಯದ ಫೈನಲ್ ಆಗಿದ್ದರೆ ಕಪ್ ಅವರದಾಗುತ್ತಿತ್ತು. ಆದರೆ ಕಿಂಡರ್ ಮುಂದಿನ ಎರಡನ್ನು ಗೆದ್ದಿತು, ಟಾವ್ ನಾಲ್ಕನೆಯದನ್ನು ಗೆದ್ದು ಸಮ ಮಾಡಿಕೊಂಡಿತು. ಮೇ 10ರಂದು ನಡೆದ ಐದನೆಯ ಪಂದ್ಯವನ್ನು 82-74ರಿಂದ ಗೆದ್ದು ಕಿಂಡರ್ ಚಾಂಪಿಯನ್ ಆಯಿತು. ಫೈನಲ್ ಸರಣಿಯ ಶ್ರೇಷ್ಠ ಆಟಗಾರನಾದವನು ಅರ್ಜೆಂಟೀನದ ಮನು ಜಿನೋಬಿಲಿ. ಮೂರೇ ದಿನಗಳ ನಂತರ, ಮೇ 13ರಂದು, ಪ್ಯಾರಿಸ್ಸಿನಲ್ಲಿ ಮಕ್ಕಾಬಿ ತಂಡ ಪನಥಿನೈಕೋಸನ್ನು 81-67ರಿಂದ ಸೋಲಿಸಿ ಸುಪ್ರೋಲೀಗ್ ಗೆದ್ದಿತು. ಹೀಗೆ ಒಂದು ಖಂಡಕ್ಕೆ ಇಬ್ಬರು ಚಾಂಪಿಯನ್ನರು! ಯಾರು ಮೇಲು ಎಂಬುದಕ್ಕೆ ಉತ್ತರವೇ ಇಲ್ಲ, ಏಕೆಂದರೆ ಅವರಿಬ್ಬರೂ ಆ ಋತುವಿನ ಲೀಗ್‌ನಲ್ಲಿ ಎದುರುಬದುರಾಗಲೇ ಇಲ್ಲ.

ಒಂದಾದ ಮೇಲೆ

ಮುಂದಿನ ಋತುವಿನಲ್ಲಿ ಎರಡೂ ಒಂದಾದವು. 2001-02ರಲ್ಲಿ 32 ತಂಡಗಳು ಆಡಿದವು. ಆಡಳಿತ ಉಳಿದದ್ದು ಕ್ಲಬ್ಬುಗಳ ಪಕ್ಷದಲ್ಲಿ. ಕೊನೆಯ ಹಂತಕ್ಕೆ ಮಾತ್ರ ಫೈನಲ್ ಫೋರ್ ಪದ್ಧತಿಯನ್ನೇ ಆರಿಸಿಕೊಂಡರು. ಕಾರಣ ನಮ್ಮಂಥ ದೃಶ್ಯಮಾಧ್ಯಮದವರಿಗೆ ಸುಲಭವಾಗಿ ತಿಳಿಯುತ್ತದೆ. ಐದರ ಸರಣಿ ಮೂರರಲ್ಲೇ ಮುಗಿಯಬಹುದು, ಐದಕ್ಕೂ ಹೋಗಬಹುದು. ಕ್ಯಾಮೆರಾ ತಂಡವನ್ನು ಎಲ್ಲಿಗೆ, ಎಂದು ಕಳಿಸಬೇಕು? ಫೈನಲ್ ಫೋರ್‌ಗೆ ಊರು, ದಿನಾಂಕ ಮೊದಲೇ ಗೊತ್ತು. ನ್ಯಾಯ ತುಸು ಕಡಿಮೆ, ಅನುಕೂಲ ಹೆಚ್ಚು. 2002ರ ಮೇ ತಿಂಗಳಲ್ಲಿ ಪನಥಿನೈಕೋಸ್ ತಂಡ ಕಿಂಡರನ್ನು ಬೊಲೋನ್ಯದಲ್ಲೇ 89-83ರಿಂದ ಸೋಲಿಸಿತು. ಹಿಂದಿನ ವರ್ಷ ಎದುರಾಗದೆ ಉಳಿದವರು ಕೊನೆಗೂ ಎದುರಾದರು.

ಜಗಳ ಪೂರ್ತಿ ಮುಗಿದಿಲ್ಲ. 2016ರಲ್ಲಿ ಫೀಬಾ ಯೂರೋಪಿನಲ್ಲಿ ತನ್ನದೇ ಚಾಂಪಿಯನ್ಸ್ ಲೀಗ್ ಆರಂಭಿಸಿತು. ಇತ್ತ ಯೂರೋಲೀಗ್ 2025-26ರ ಋತುವಿಗೆ 20 ತಂಡಗಳಾಗಿ ಬೆಳೆದು, ನಮ್ಮ ಕನ್ನಡಿಗರು ಅನೇಕರು ದುಡಿಯುತ್ತಿರುವ ದುಬೈನ ತಂಡವನ್ನೂ ಸೇರಿಸಿಕೊಂಡಿತು.

ನಮಗೇನು ಪಾಠ?

ಇಂಥ ಒಡಕು ನಮಗೆ ಹೊಸದಲ್ಲ. 2015ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ನಿನ ಒಂದು ಬಣ ಬೆಂಗಳೂರಿನಲ್ಲಿ, ಇನ್ನೊಂದು ಬಣ ಪುಣೆಯಲ್ಲಿ ಸಭೆ ಸೇರಿ ತಾವೇ ಅಧಿಕೃತರೆಂದವು. ಫೀಬಾ ಬೆಂಗಳೂರಿನ ಬಣವನ್ನು ಮಾನ್ಯ ಮಾಡಿತು. ಅದೇ ವರ್ಷ ಬೆಂಗಳೂರು ಬೀಸ್ಟ್ ತಂಡವೂ ಇದ್ದ ಯು.ಬಿ.ಎ. ವೃತ್ತಿಪರ ಲೀಗ್ ಆರಂಭವಾಯಿತು. ಅದು 2017ರ ನಂತರ ಮುಂದುವರಿಯಲಿಲ್ಲ. ಜಾತ್ರೆಯ ಪಂದ್ಯಾವಳಿಗೆ ಎರಡು ಕಮಿಟಿ ಹುಟ್ಟಿದರೆ ಏನಾಗುತ್ತದೆಂದು ಹಳ್ಳಿಯ ಹುಡುಗರಿಗೂ ಗೊತ್ತು: ಕಪ್ ಎರಡಾಗುತ್ತವೆ, ಆಟಗಾರ ಮಾತ್ರ ಯಾವ ಅಂಗಳಕ್ಕೆ ಇಳಿಯಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಲೀಗ್ ಎಂದರೆ ಕೋಟಿಗಟ್ಟಲೆ ಹಣವೇ ಬೇಕೆಂದಿಲ್ಲ. ಮೂರು ಊರು, ಮೂರು ಅಂಗಳ, ಮೊದಲೇ ಗೊತ್ತುಮಾಡಿದ ಆರು ಭಾನುವಾರಗಳು, ಎಲ್ಲರೂ ಒಪ್ಪಿದ ಒಂದೇ ಒಂದು ಕಮಿಟಿ ಇದ್ದರೆ ಸಾಕು. ಮುಂದಿನ ಬೇಸಿಗೆ ರಜೆಗೆ ನಿಮ್ಮೂರಿನ ದೈಹಿಕ ಶಿಕ್ಷಕರೊಡನೆ ಕೂತು ಆ ಪಟ್ಟಿಯನ್ನೊಮ್ಮೆ ಬರೆದು ನೋಡಿ.